ಕೈ ನೋವಿಟ್ಟುಕೊಂಡು ಎರಡು ನಿಮಿಷದ ಅನಿಮೇಷನ್ ಸಿನಿಮಾ ಮಾಡುವುದು ಹೇಗೆ

ಮೊದಲು ಲೆಕ್ಕ. ಸಿನಿಮಾ ಅಂದರೆ ಸೆಕೆಂಡಿಗೆ 24 ಫ್ರೇಮ್, ಅಂದರೆ ಪರದೆಯ ಮೇಲೆ ಒಂದಾದ ಮೇಲೊಂದು ಬರುವ 24 ನಿಂತ ಚಿತ್ರ. ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೆ ಸೆಕೆಂಡಿಗೆ 12 ಚಿತ್ರ ಸಾಕು. ಇದಕ್ಕೆ ‘ಆನ್ ಟೂಸ್’ ಅನ್ನುತ್ತಾರೆ. ಮೂರು ಫ್ರೇಮ್ ನಿಲ್ಲಿಸಿದರೆ ‘ಆನ್ ತ್ರೀಸ್’, ಆಗ 8 ಚಿತ್ರ ಸಾಕು. ಎರಡು ನಿಮಿಷಕ್ಕೆ 2880 ಫ್ರೇಮ್ ಆಯಿತು. ಟೂಸ್‌ನಲ್ಲಿ 1440 ಚಿತ್ರ, ತ್ರೀಸ್‌ನಲ್ಲಿ 960. ಅದೂ ಒಂದೇ ಪಾತ್ರ ಇದ್ದರೆ. ಹೊಗೆ, ಬೆಂಕಿ, ಹಿಂದೆ ಓಡಾಡುವ ನಾಯಿ ಎಲ್ಲಾ ಮೇಲಿನ ಖರ್ಚು.

ಈ ಲೆಕ್ಕವನ್ನು ಕ್ಲಾಸಿನಲ್ಲಿ ಹೇಳಿಕೊಡುತ್ತಾರೆ. ಇದರ ಜೊತೆಗೆ ಮಾಡಬೇಕಾದ ಇನ್ನೊಂದು ಲೆಕ್ಕವನ್ನು ಯಾರೂ ಹೇಳಿಕೊಡುವುದಿಲ್ಲ. ನಿಮ್ಮ ಕೈ ದಿನಕ್ಕೆ ಎಷ್ಟು ಚಿತ್ರ ಬರೆಯುತ್ತದೆ?

ನನಗೆ ರುಮಟಾಯ್ಡ್ ಆರ್ಥ್ರೈಟಿಸ್ ಇದೆ. ದೇಹದ ರೋಗನಿರೋಧಕ ಶಕ್ತಿ ತನ್ನದೇ ಕೀಲುಗಳ ಮೇಲೆ ತಿರುಗಿ ಬೀಳುವ ಕಾಯಿಲೆ. ಬೆಳಿಗ್ಗೆ ಎದ್ದಾಗ ಬೆರಳುಗಳು ಬಿಗಿದುಕೊಂಡಿರುತ್ತವೆ, ಬಿಡಲು ಒಂದು ಗಂಟೆಗೂ ಜಾಸ್ತಿ ಬೇಕು. ‘ಅದು ವಯಸ್ಸಾದವರಿಗೆ ಬರೋದಲ್ವಾ’ ಅಂತ ಕೇಳುವವರು ದಾವಣಗೆರೆಯಲ್ಲಿ ಮನೆಗೊಬ್ಬರು ಇದ್ದಾರೆ. ಅಲ್ಲ. ಚಿಕ್ಕ ವಯಸ್ಸಿನಲ್ಲೂ ಬರುತ್ತದೆ, ಹೆಂಗಸರಿಗೆ ಜಾಸ್ತಿ. ನಾನು ಇಲ್ಲೇ ದೃಶ್ಯಕಲೆ ಓದುತ್ತಿದ್ದೇನೆ. ಕೊನೆಯ ವರ್ಷಕ್ಕೆ ಒಂದು ಕಿರು ಅನಿಮೇಷನ್ ಮಾಡಿದೆ. ಈ ಬರಹ ಜೂನಿಯರ್ಸ್‌ಗೆ. ನಿಮ್ಮ ತೊಂದರೆ ಕೈಯದೇ ಆಗಬೇಕಿಲ್ಲ, ಮೈಗ್ರೇನೋ, ಬೆನ್ನುನೋವೋ, ಆಸ್ತಮಾನೋ ಇರಬಹುದು. ವಿವರ ಬದಲಾದರೂ ಲೆಕ್ಕ ಹಾಕುವ ರೀತಿ ಒಂದೇ.

ಕೈಯ ಲೆಕ್ಕ ಹೀಗೆ ಮಾಡಿ. ಒಂದು ವಾರ ದಿನಾ ಬರೆಯಿರಿ. ಎಷ್ಟು ಚಿತ್ರ ಆಯಿತು ಅಂತ ಗುರುತು ಹಾಕಿ. ಚೆನ್ನಾಗಿದ್ದ ದಿನದ ಸಂಖ್ಯೆಯನ್ನು ಮರೆತುಬಿಡಿ, ಅದು ಮೋಸದ ಸಂಖ್ಯೆ. ಸುಮಾರಾಗಿದ್ದ ದಿನದ್ದನ್ನು ಇಟ್ಟುಕೊಳ್ಳಿ. ದಿನಕ್ಕೆ 10 ಬಂತು ಅನ್ನೋಣ. ಸಬ್ಮಿಷನ್‌ಗೆ 12 ವಾರ ಇದೆ, ಅಂದರೆ 84 ದಿನ. ಅದರಲ್ಲಿ ಅರ್ಧ ತೆಗೆದುಹಾಕಿ. ಹೌದು, ಅರ್ಧ. ನೋವಿನ ದಿನ, ಆಸ್ಪತ್ರೆಯ ದಿನ, ಪರೀಕ್ಷೆ, ಮದುವೆ, ಕರೆಂಟ್ ಹೋದ ದಿನ ಎಲ್ಲಾ ಅದರಲ್ಲಿ ಬಂತು. ಉಳಿದದ್ದು 42 ದಿನ, 420 ಚಿತ್ರ. ತ್ರೀಸ್‌ನಲ್ಲಿ ಬರೆದರೂ 52 ಸೆಕೆಂಡ್.

ಇದನ್ನು ನೋಡಿ ಎದೆ ಒಡೆದುಕೊಳ್ಳಬೇಡಿ. ಕಥೆ ಹೊಳೆಯುವ ಮೊದಲೇ ಈ ಸಂಖ್ಯೆ ಕೈಯಲ್ಲಿದ್ದರೆ, ಅದಕ್ಕೆ ಹೊಂದುವ ಕಥೆಯನ್ನೇ ಹುಡುಕಬಹುದು. ಕಥೆ ಮೊದಲು ಬಂದು ಸಂಖ್ಯೆ ಆಮೇಲೆ ಬಂದರೆ ಕಷ್ಟ. ಆಗ ದೇಹವನ್ನು ಕಥೆಗೆ ತಕ್ಕಂತೆ ಬಗ್ಗಿಸಲು ಹೋಗುತ್ತೇವೆ. ದೇಹ ಬಗ್ಗುವುದಿಲ್ಲ.

ಕೂತಿರುವ ಕಥೆ

ಓಬವ್ವ ಒನಕೆ ಎತ್ತುವುದು, ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುವುದು. ಪಕ್ಕದ ಚಿತ್ರದುರ್ಗದ ಪ್ರಭಾವ, ನಮ್ಮ ಕಡೆ ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಇದನ್ನೇ ಎತ್ತಿಕೊಳ್ಳುತ್ತಾರೆ. ಒಳ್ಳೆಯ ಕಥೆಯೇ. ಆದರೆ ಸೈನ್ಯವನ್ನು ಬರೆಯುವವರು ಯಾರು?

ಒಂದೇ ಜಾಗ, ಒಬ್ಬರೋ ಇಬ್ಬರೋ ಪಾತ್ರ, ಅದರಲ್ಲೂ ಕೂತು ಮಾಡುವ ಕೆಲಸ. ಇಂಥ ಕಥೆ ಹುಡುಕಿ. ನಡಿಗೆ ಇದ್ದರೆ ಚಿತ್ರಗಳ ಖರ್ಚು ಏರುತ್ತದೆ. ಕಾಲು, ಸೀರೆಯ ನೆರಿಗೆ, ತೂಕ ಒಂದು ಕಾಲಿಂದ ಇನ್ನೊಂದಕ್ಕೆ ಹೋಗುವುದು, ಇವು ಕೈ ಚೆನ್ನಾಗಿರುವವರಿಗೂ ಬೆವರಿಳಿಸುತ್ತವೆ. ನಾನು ಆರಿಸಿಕೊಂಡದ್ದು ಮಂಡಕ್ಕಿ ಭಟ್ಟಿ. ದಾವಣಗೆರೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಹೊರಗಿನವರಿಗೆ: ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪು ಹಾಕಿ, ಕಾದ ಮರಳಿನಲ್ಲಿ ಹುರಿದರೆ ಅರಳಿ ಮಂಡಕ್ಕಿ ಆಗುತ್ತದೆ. ಆಮೇಲೆ ಜರಡಿ ಹಿಡಿದು ಮರಳು ಬೇರೆ ಮಾಡುತ್ತಾರೆ. ನನ್ನ ಸಿನಿಮಾದಲ್ಲಿ ಒಬ್ಬ ಅಜ್ಜಿ ಒಲೆಯ ಮುಂದೆ ಕೂತಿದ್ದಾಳೆ. ಎಲ್ಲಾ ಕಾಳೂ ಅರಳುತ್ತವೆ, ಒಂದು ಮಾತ್ರ ಇಲ್ಲ. ಅಷ್ಟೇ ಕಥೆ.

ಈ ಕಥೆ ಕೈಗೆ ಎಷ್ಟು ಅನುಕೂಲ ನೋಡಿ. ಅಜ್ಜಿ ಏಳುವುದೇ ಇಲ್ಲ. ಬೆಂಕಿ ಅವಳ ಹಿಂದೆ ಇದ್ದರೆ ಅವಳು ಬರೀ ಕಪ್ಪು ನೆರಳು, ಮುಖದ ಗೆರೆ ಬರೆಯಬೇಕಿಲ್ಲ. ಬೇಡದ್ದನ್ನು ಹೊಗೆ ಮುಚ್ಚುತ್ತದೆ. ನಮ್ಮ ತೊಗಲುಗೊಂಬೆಯವರು ನೆರಳು ಮತ್ತು ಕೀಲು ಎರಡನ್ನೇ ಇಟ್ಟುಕೊಂಡು ರಾತ್ರಿಯೆಲ್ಲಾ ರಾಮಾಯಣ ಆಡಿಸಿದ್ದಾರೆ. ನಮಗೆ ಎರಡು ನಿಮಿಷ ಸಾಲದೇ?

ಅನಿಮ್ಯಾಟಿಕ್ ಬಿಡಬೇಡಿ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ನನ್ನ ಪ್ರಕಾರ ಅರ್ಧ ಸಿನಿಮಾ ಇಲ್ಲೇ ಮುಗಿಯುತ್ತದೆ.

ಅಂಟುವ ಸಣ್ಣ ಚೀಟಿಗಳ ಮೇಲೆ ಶಾಟ್‌ಗಳನ್ನು ಗೀಚಿ. ಬೆಂಕಿಕಡ್ಡಿ ಗೊಂಬೆ ಸಾಕು. ಫೋನಿನಲ್ಲಿ ಒಂದೊಂದನ್ನೂ ಫೋಟೋ ತೆಗೆಯಿರಿ. ಯಾವುದಾದರೂ ವಿಡಿಯೋ ಎಡಿಟಿಂಗ್ ಆ್ಯಪ್‌ನಲ್ಲಿ ಸಾಲಾಗಿ ಜೋಡಿಸಿ. ನಿಮ್ಮದೇ ದನಿಯಲ್ಲಿ ಮಾತು, ‘ಚಟಪಟ’, ‘ಸರ್ ಸರ್’ ಎಲ್ಲಾ ಬಾಯಲ್ಲೇ ಮಾಡಿ ಸೇರಿಸಿ. ಇದೇ ಅನಿಮ್ಯಾಟಿಕ್. ಮಲಗಿಕೊಂಡೂ ಮಾಡಬಹುದು, ಎಡಗೈಯಲ್ಲೂ ಮಾಡಬಹುದು.

ಈಗ ಸಿನಿಮಾ ಗೊತ್ತಿಲ್ಲದ ಯಾರಿಗಾದರೂ ತೋರಿಸಿ. ನಾನು ನಮ್ಮಜ್ಜಿಗೆ ತೋರಿಸಿದೆ. ‘ಅಲ್ಲವ್ವಾ, ಆಕಿ ಯಾಕ ಮೂರ್ ಸಲ ತಿರುಗಿ ನೋಡ್ತಾಳ? ಒಂದ್ ಸಲ ಸಾಕಲ್ಲ’ ಅಂದರು. ಆ ಒಂದು ಮಾತಿಗೆ ಎರಡು ಶಾಟ್ ಹೋದವು. ಬರೆಯುವ ಮೊದಲೇ ಹೋದವು, ಅದು ಮುಖ್ಯ. ಬರೆದ ಮೇಲೆ ಕತ್ತರಿಸಿದರೆ ಆ ನೋವೆಲ್ಲಾ ದಂಡ.

ಅನಿಮ್ಯಾಟಿಕ್ ಗಟ್ಟಿಯಾದ ಮೇಲೆ ಪ್ರತಿ ಶಾಟಿನ ಪಕ್ಕ ಒಂದು ಅಕ್ಷರ ಹಾಕಿ. ‘ಬ’ ಅಂದರೆ ಕೈಯಾರೆ ಬರೆಯಲೇಬೇಕಾದದ್ದು. ‘ಗ’ ಅಂದರೆ ಗೊಂಬೆಯಂತೆ ಭಾಗ ಜೋಡಿಸಿ ಆಡಿಸಬಹುದಾದದ್ದು. ‘ನ’ ಅಂದರೆ ನಿಂತ ಚಿತ್ರ, ಅದರ ಮೇಲೆ ಹೊಗೆಯೋ ಬೆಳಕೋ ಆಡಿದರೆ ಸಾಕು. ‘ಬ’ ನಿಮ್ಮ ಕೈಯ ಸಂಖ್ಯೆಯ ಒಳಗೆ ಕೂರಬೇಕು. ಜಾಸ್ತಿ ಆದರೆ ಕೆಲವನ್ನು ‘ಗ’ ಮಾಡಿ. ನನ್ನದರಲ್ಲಿ ‘ಬ’ ಶಾಟ್ ಅಂದರೆ ಕೊನೆಯದೊಂದೇ, ಅಜ್ಜಿ ಆ ಕಾಳನ್ನು ಅಂಗೈಗೆ ತೆಗೆದುಕೊಳ್ಳುವುದು. ಬೆರಳು ಮಡಚುವುದನ್ನು ಗೊಂಬೆ ಮಾಡಲಾರದು. ಬೆರಳು ಮಡಚುವುದು ಎಷ್ಟು ಕಷ್ಟ ಅಂತ ನನಗಿಂತ ಚೆನ್ನಾಗಿ ಬರೆಯುವವರು ಕ್ಲಾಸಿನಲ್ಲಿ ಇರಲಿಲ್ಲ ಅಂತ ಸುಮ್ನೆ ಹೇಳಿಕೊಳ್ಳುತ್ತೇನೆ.

ಗೊಂಬೆ ಮಾಡುವುದು

ಸಾಫ್ಟ್‌ವೇರ್‌ಗೆ ದುಡ್ಡು ಬೇಡ. ಬರೆಯಲು ಕ್ರಿತಾ. ಗೊಂಬೆ ಆಡಿಸಲು ಓಪನ್‌ಟೂನ್ಜ್, ಇದು 2016ರಿಂದ ಎಲ್ಲರಿಗೂ ಉಚಿತ. ಬ್ಲೆಂಡರ್ ಅನ್ನುವ ಸಾಫ್ಟ್‌ವೇರಿನ ಗ್ರೀಸ್ ಪೆನ್ಸಿಲ್ ಎಂಬ ಬರೆಯುವ ಸಾಧನ ಕೂಡ ಒಳ್ಳೆಯದೇ, ಆದರೆ ಕಲಿಯಲು ಸಮಯ ಬೇಕು, ಕೊನೆಯ ಸೆಮಿಸ್ಟರಿನಲ್ಲಿ ಹೊಸದಾಗಿ ಶುರು ಮಾಡಬೇಡಿ. ಜೋಡಿಸಲು ಕೆಡೆನ್‌ಲೈವ್, ಶಬ್ದಕ್ಕೆ ಆಡಾಸಿಟಿ. ಇವೆಲ್ಲಾ ಉಚಿತ.

ಅಜ್ಜಿಯ ತಲೆ, ಮುಂಡ, ಮೇಲ್ತೋಳು, ಮುಂಗೈ, ಅಂಗೈ, ಸೆರಗು ಎಲ್ಲವನ್ನೂ ಬೇರೆ ಬೇರೆ ಲೇಯರಿನಲ್ಲಿ, ಅಂದರೆ ಒಂದರ ಮೇಲೊಂದು ಇಡುವ ಪದರದಲ್ಲಿ ಬರೆಯಿರಿ. ಕೀಲು ಬರುವ ಕಡೆ ಎರಡೂ ತುದಿಯನ್ನು ದುಂಡಗೆ ಮಾಡಿ, ಒಂದರ ಮೇಲೆ ಒಂದು ಬರುವಂತೆ ಇಡಿ. ಆಗ ತೋಳು ಮಡಚಿದಾಗ ಸಂದು ಕಾಣುವುದಿಲ್ಲ. ತಿರುಗುವ ಬಿಂದುವನ್ನು ಆ ದುಂಡಿನ ನಡುವೆ ಇಡಿ. ಅಂಗೈ ಮಾತ್ರ ಮೂರು ನಾಲ್ಕು ಬಗೆಯಲ್ಲಿ ಬರೆದಿಡಿ: ಕೋಲು ಹಿಡಿದದ್ದು, ಬಿಚ್ಚಿದ್ದು, ಜರಡಿ ಹಿಡಿದದ್ದು.

ಹೊಗೆಗೆ 8 ಚಿತ್ರ ಬರೆಯಿರಿ. ತ್ರೀಸ್‌ನಲ್ಲಿ ಓಡಿಸಿದರೆ ಸರಿಯಾಗಿ ಒಂದು ಸೆಕೆಂಡಿನ ಸುತ್ತು. ಅದನ್ನೇ ಕನ್ನಡಿಯಂತೆ ತಿರುಗಿಸಿ, ದೊಡ್ಡದು ಮಾಡಿ, ನಿಧಾನ ಮಾಡಿ ಇನ್ನೊಂದು ಲೇಯರ್ ಇಟ್ಟರೆ ಸುತ್ತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಪೂರ್ತಿ ನಿಂತ ಚಿತ್ರ ಮಾತ್ರ ಸತ್ತಂತೆ ಕಾಣುತ್ತದೆ. ಅಜ್ಜಿ ಸುಮ್ಮನೆ ಕೂತಿದ್ದರೂ ಸೆರಗಿನ ತುದಿ ಆಡಲಿ, ಉಸಿರಿಗೆ ಭುಜ ಒಂದು ಕೂದಲೆಳೆ ಏರಲಿ.

ತುಟಿಯ ಬಗ್ಗೆ ಒಂದು ಮಾತು. ಇಂಟರ್ನೆಟ್ಟಿನಲ್ಲಿ ಸಿಗುವ ಬಾಯಿಯ ಚಾರ್ಟ್‌ಗಳು ಇಂಗ್ಲಿಷಿನವು. ಕನ್ನಡಕ್ಕೆ ನಾಲ್ಕು ಬಾಯಿ ಸಾಕು: ಮುಚ್ಚಿದ್ದು (ಪ, ಬ, ಮ), ತೆರೆದದ್ದು (ಅ, ಆ), ಅಗಲ (ಇ, ಎ), ದುಂಡಗೆ (ಉ, ಒ). ಮುಚ್ಚುವ ಅಕ್ಷರ ಒಂದನ್ನೂ ತಪ್ಪಿಸಬೇಡಿ, ನೋಡುವವರ ಕಣ್ಣು ಹಿಡಿಯುವುದು ಅದನ್ನೇ. ಸಿನಿಮಾದ ಅಜ್ಜಿ ಕಾಳಿಗೆ ‘ಬಾರಪ್ಪಾ ಮಂಡಕ್ಕಿ’ ಅನ್ನುತ್ತಾಳೆ. ‘ಬಾ’ಗೂ ‘ಮಂ’ಗೂ ತುಟಿ ಎರಡು ಫ್ರೇಮ್ ಮುಚ್ಚಿದರೆ ಸಾಕು. ‘ಪ್ಪಾ’ ಒತ್ತಕ್ಷರ, ಅಲ್ಲಿ ಇನ್ನೂ ಒಂದೆರಡು ಫ್ರೇಮ್ ಜಾಸ್ತಿ ಮುಚ್ಚಿರಬೇಕು. ಉಳಿದದ್ದು ಹೇಗಿದ್ದರೂ ನಡೆಯುತ್ತದೆ. ಅದೂ ಆಗದಿದ್ದರೆ ಪಾತ್ರವನ್ನು ಬೆನ್ನು ತಿರುಗಿಸಿ ಕೂರಿಸಿ.

ಮೇಜು, ಪೆನ್ನು, ಬೆರಳು

ಬೆಳಿಗ್ಗೆ ಬಿಗಿತ ಇರುವಾಗ ಬರೆಯಲು ಕೂರಬೇಡಿ. ಆ ಹೊತ್ತಿಗೆ ಶಬ್ದ ಕೇಳುವುದು, ಫೈಲಿಗೆ ಹೆಸರು ಹಾಕುವುದು. ನಾನು ಬಿಸಿನೀರಿನ ಬೋಗುಣಿಯಲ್ಲಿ ಕೈ ಅದ್ದಿಕೊಂಡು ಹಿಂದಿನ ದಿನದ ಶಾಟ್ ನೋಡುತ್ತೇನೆ. ಬರೆಯುವುದು ಹನ್ನೊಂದರ ಮೇಲೆ.

ಸಣ್ಣ ಪೆನ್ನನ್ನು ಬಿಗಿಯಾಗಿ ಹಿಡಿದಷ್ಟೂ ಬೆರಳಿನ ಕೀಲಿಗೆ ಹೊರೆ. ಟ್ಯಾಬ್ಲೆಟ್ (ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಹಲಗೆ) ಪೆನ್ನಿಗೆ ಸ್ಪಂಜಿನ ಕೊಳವೆಯೋ, ಹಳೇ ಕಾಟನ್ ಸೀರೆಯ ಪಟ್ಟಿಯೋ ಸುತ್ತಿ ದಪ್ಪ ಮಾಡಿ. ಗುಂಡಿ ಬರುವ ಜಾಗ ಬಿಟ್ಟು ಸುತ್ತಿ. ಕ್ರಿತಾದ ಟ್ಯಾಬ್ಲೆಟ್ ಸೆಟ್ಟಿಂಗ್ಸ್‌ನಲ್ಲಿ ಒತ್ತಡದ ಗೆರೆ ಇದೆ, ಅದನ್ನು ಮೇಲಕ್ಕೆ ಉಬ್ಬಿಸಿದರೆ ಮೆಲ್ಲಗೆ ಮುಟ್ಟಿದರೂ ದಪ್ಪ ಗೆರೆ ಬರುತ್ತದೆ. ಬ್ರಷ್‌ನ ಸ್ಟೆಬಿಲೈಸರ್ ಹಾಕಿದರೆ ನಡುಗುವ ಗೆರೆ ನೇರ ಆಗುತ್ತದೆ. ಇದು ಮೋಸ ಅಂತ ಒಬ್ಬ ಸರ್ ಅಂದರು. ಇರಲಿ ಬಿಡಿ. ‘ಕೈ ನೋವಿದ್ದವರು ಬೇರೆ ಕೋರ್ಸ್ ತಗೋಬೇಕಿತ್ತು’ ಅಂದವರೂ ಅವರೇ.

ಟ್ಯಾಬ್ಲೆಟ್ಟನ್ನು ಓರೆಯಾಗಿ ನಿಲ್ಲಿಸಿ. ಮಣಿಕಟ್ಟಿನಿಂದ ಬರೆಯದೆ ಭುಜದಿಂದ ಬರೆಯಿರಿ, ದೊಡ್ಡದಾಗಿ ಬರೆಯಿರಿ. ಅಲಾರಂ ಇಟ್ಟುಕೊಂಡು 20 ನಿಮಿಷಕ್ಕೊಮ್ಮೆ ಪೆನ್ನು ಕೆಳಗಿಡಿ. ನೋವು ಬಂದ ಮೇಲೆ ನಿಲ್ಲಿಸುತ್ತೇನೆ ಅಂದುಕೊಂಡರೆ ಆಗಲೇ ತಡವಾಗಿರುತ್ತದೆ. ಮೈಗ್ರೇನ್ ಇರುವವರು ಪರದೆಯ ಬೆಳಕು ಇಳಿಸಿ. ಬೆಂಕಿ ಮಿನುಗುವ, ಬೆಳಕು ಪಟಪಟ ಬಡಿಯುವ ಶಾಟನ್ನು ಮತ್ತೆ ಮತ್ತೆ ನೋಡುವ ಕೆಲಸವನ್ನು ಗೆಳೆಯರಿಗೆ ಕೊಡಿ.

ಏಳುವ ಮೊದಲು ಮುಂದಿನ ಕೆಲಸವನ್ನು ಒಂದು ಸಾಲು ಬರೆದಿಡಿ. ‘ಶಾಟ್ 7, ಎಡಗೈ, ಫ್ರೇಮ್ 31ರಿಂದ’ ಅಂತ. ನೋವು, ಮಾತ್ರೆ, ನಿದ್ದೆಗೆಟ್ಟ ತಲೆ ಎಲ್ಲಾ ಸೇರಿದಾಗ ‘ನಾನು ಎಲ್ಲಿದ್ದೆ’ ಅಂತ ಹುಡುಕುವುದರಲ್ಲೇ ಇದ್ದ ಶಕ್ತಿ ಖಾಲಿ ಆಗುತ್ತದೆ.

ಮಾತ್ರೆ

ನಾನು ಡಾಕ್ಟರಲ್ಲ. ಕ್ಯಾಲೆಂಡರಿನ ಮಾತು ಮಾತ್ರ ಹೇಳುತ್ತೇನೆ. ಈ ಕೀಲಿನ ಕಾಯಿಲೆಗೆ ನಾನು ತಗೊಳ್ಳುವ ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನದ ಮಾತ್ರೆ. ತಪ್ಪಿ ದಿನಾ ತಗೊಂಡರೆ ಪ್ರಾಣಕ್ಕೇ ಅಪಾಯ. ಹಾಗಾಗಿ ಅದು ನನ್ನ ತಲೆಯಲ್ಲಿ ಇರುವುದಿಲ್ಲ, ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಅಮ್ಮನ ಕೆಂಪು ಗುರುತಿನಲ್ಲಿ ಇರುತ್ತದೆ. ಮಾರನೇ ದಿನ ಹೊಟ್ಟೆ ತೊಳಸುತ್ತದೆ, ಸುಸ್ತು. ಆ ದಿನ ಚಿತ್ರ ಇಲ್ಲ ಅಂತ ಮೊದಲೇ ಬರೆದಿಟ್ಟುಬಿಟ್ಟೆ. ನಿಮ್ಮ ಮಾತ್ರೆಗೂ ಅದರದೇ ಕೆಟ್ಟ ದಿನ ಇರುತ್ತದೆ, ಹುಡುಕಿ. ರಕ್ತ ಪರೀಕ್ಷೆಯ ದಿನವನ್ನೂ ಸಬ್ಮಿಷನ್ ದಿನದ ಹಾಗೇ ಬರೆದಿಡಿ.

ಡೆಡ್‌ಲೈನ್ ಅಂತ ಮಾತ್ರೆ ಬಿಡಬೇಡಿ. ಮೆಡಿಕಲ್ ಶಾಪಿನಲ್ಲಿ ಕೇಳಿ ನೋವಿನ ಮಾತ್ರೆ ನುಂಗುತ್ತಾ ರಾತ್ರಿ ಕೂರಬೇಡಿ. ಅದು ಹೊಟ್ಟೆಯನ್ನೂ ಕಿಡ್ನಿಯನ್ನೂ ಹಾಳು ಮಾಡಬಲ್ಲದು. ಯಾರೋ ಕೊಟ್ಟ ಸ್ಟೀರಾಯ್ಡ್ ಅಂತೂ ಬೇಡವೇ ಬೇಡ.

ಶಬ್ದ

ಶಬ್ದಕ್ಕೆ ಬೆರಳು ಬೇಡ. ಅದಕ್ಕೇ ನಾವು ಇದರಲ್ಲಿ ಧಾರಾಳವಾಗಿ ಖರ್ಚು ಮಾಡಬಹುದು. ಚಿತ್ರ ಬಡವಾಗಿದ್ದರೂ ಶಬ್ದ ಶ್ರೀಮಂತ ಆಗಿದ್ದರೆ ಸಿನಿಮಾ ನಿಲ್ಲುತ್ತದೆ. ತಿರುಗಿಸಿ ಹೇಳಿದರೆ ಸುಳ್ಳಾಗುತ್ತದೆ.

ಭಟ್ಟಿಗೆ ಹೋಗಿ, ಮಾಲೀಕರನ್ನು ಕೇಳಿ, ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ ರೆಕಾರ್ಡ್ ಮಾಡಿ. ಹೊಗೆಗೆ ಮಾಸ್ಕ್ ಹಾಕಿಕೊಳ್ಳಿ, ಆಸ್ತಮಾ ಇದ್ದರೆ ಗೆಳೆಯರನ್ನು ಕಳಿಸಿ. ಯಾರೂ ಮಾತಾಡದ ಒಂದು ನಿಮಿಷದ ಬರೀ ಸದ್ದನ್ನೂ ಹಿಡಿದುಕೊಳ್ಳಿ, ಶಾಟ್‌ಗಳ ನಡುವಿನ ಸಂದು ತುಂಬಲು ಬೇಕಾಗುತ್ತದೆ. ಒಂದೇ ಕಾಳಿನ ಸದ್ದು ಅಲ್ಲಿ ಸಿಗುವುದಿಲ್ಲ. ಅದನ್ನು ಮನೆಯಲ್ಲಿ ಸ್ಟೀಲ್ ತಟ್ಟೆಯ ಮೇಲೆ ಒಂದು ಹಸಿ ಅಕ್ಕಿಕಾಳು, ಒಂದು ಮಂಡಕ್ಕಿ ಬೀಳಿಸಿ ಮಾಡಿದೆ. ಎರಡರ ಸದ್ದೇ ಬೇರೆ. ನನ್ನ ಕಥೆಯೆಲ್ಲಾ ಆ ವ್ಯತ್ಯಾಸದ ಮೇಲೆ ನಿಂತಿದೆ.

ಅಜ್ಜಿಯ ದನಿಗೆ ನಮ್ಮಜ್ಜಿಯೇ. ಕೋಣೆಯ ಮೂರು ಕಡೆ ಕೌದಿ ಇಳಿಬಿಟ್ಟರೆ ಪ್ರತಿಧ್ವನಿ ಹೋಗುತ್ತದೆ. ಫ್ಯಾನ್ ಆರಿಸಿ. ತರಕಾರಿ ಗಾಡಿಯವರು ಬರುವ ಹೊತ್ತು, ಪಕ್ಕದ ಮನೆಯ ಕುಕ್ಕರ್ ಕೂಗುವ ಹೊತ್ತು ತಪ್ಪಿಸಿ. ಬರೆದುಕೊಟ್ಟು ಓದಿಸಬೇಡಿ. ಎದುರಿಗೆ ಮಂಡಕ್ಕಿ ತಟ್ಟೆ ಇಟ್ಟು, ‘ಅಜ್ಜೀ, ಈ ಕಾಳು ಅರಳಲಿಲ್ಲ ಅನ್ಕೋ, ಏನಂತೀಯ?’ ಅಂತ ಕೇಳಿ. ‘ಯಾಕಪಾ, ನಿನಗೇನ್ ಅವಸರಿಲ್ಲೇನು?’ ಅಂದರು. ನನ್ನ ಸ್ಕ್ರಿಪ್ಟಿನಲ್ಲಿ ಇದ್ದದ್ದಕ್ಕಿಂತ ಎಷ್ಟೋ ಚೆನ್ನಾಗಿತ್ತು.

ಕೇಳುವುದು

ಕಾಲೇಜಿಗೆ ಸೆಮಿಸ್ಟರ್ ಶುರುವಿನಲ್ಲೇ ಬರೆದುಕೊಡಿ. ಡಾಕ್ಟರ ಸರ್ಟಿಫಿಕೇಟ್, ಏನು ಬೇಕು ಅನ್ನುವುದರ ಪಟ್ಟಿ, ಎರಡರ ನಕಲನ್ನೂ ಇಟ್ಟುಕೊಳ್ಳಿ. ಸಬ್ಮಿಷನ್ ಹಿಂದಿನ ದಿನ ಅತ್ತುಕೊಂಡು ಹೋದರೆ ಅದನ್ನು ನೆಪ ಅನ್ನುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ತೊಂದರೆಗಳ ಪಟ್ಟಿ ಇದೆ. ಹಲವು ಸೌಲಭ್ಯಗಳಿಗೆ 40 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಅಂತ ಸರ್ಟಿಫಿಕೇಟ್ ಬೇಕು. ನಿಮ್ಮ ಕಾಯಿಲೆ ಅದರೊಳಗೆ ಬರುತ್ತದಾ ಅಂತ ಡಾಕ್ಟರನ್ನೇ ಕೇಳಿ.

ಗೆಳೆಯರ ಹತ್ತಿರ ‘ಸ್ವಲ್ಪ ಹೆಲ್ಪ್ ಮಾಡ್ರೋ’ ಅಂದರೆ ‘ಹೂಂ’ ಅಂತಾರೆ, ಅಷ್ಟೇ. ಕೆಲಸವನ್ನು ತುಂಡು ಮಾಡಿ ಕೊಡಿ. ಸೆರಗಿಗೆ ಬಣ್ಣ 4, ಒಲೆಗೆ ಬಣ್ಣ 7 ಅಂತ ಚಾರ್ಟ್ ಮಾಡಿ, ಶಾಟ್ 5 ಮತ್ತು 6 ಇವಳಿಗೆ, ಭಾನುವಾರದೊಳಗೆ. ನಮ್ಮ ಚಿಕ್ಕಪ್ಪನ ಮಗ ಪಿಯುಸಿ ಹುಡುಗ, ಅನಿಮೇಷನ್ ಗಂಧ ಇಲ್ಲ, ಆದರೂ ಬಣ್ಣ ತುಂಬಿದ. ಬೆಣ್ಣೆ ದೋಸೆಯ ಕೂಲಿ. ಎರಡನೇ ವಾರದಿಂದ ಎರಡು ದೋಸೆಗೆ ಏರಿಸಿಕೊಂಡ. ಹೆಸರನ್ನು ಮಾತ್ರ ಕೊನೆಯ ಟೈಟಲ್‌ನಲ್ಲಿ ತಪ್ಪದೆ ಹಾಕಿ.

ಕೊನೆಯ ವಾರಗಳು

ಸಮಯ ಸಾಲದಿದ್ದರೆ ಯಾವುದನ್ನು ಮೊದಲು ಬಿಡಬೇಕು ಅಂತ ಈಗಲೇ ತೀರ್ಮಾನ ಮಾಡಿ. ನನ್ನ ಕ್ರಮ: ಮೊದಲು ಕ್ಯಾಮೆರಾ ಓಡಾಟ, ಆಮೇಲೆ ನೆರಳು ಬೆಳಕಿನ ನಾಜೂಕು, ಆಮೇಲೆ ಹಿನ್ನೆಲೆಯ ಬಣ್ಣ. ಶಬ್ದ ಮತ್ತು ‘ಬ’ ಶಾಟ್ ಎಂದೂ ಬಿಡಬಾರದು.

ರೆಂಡರ್ ಅಂದರೆ ಲೇಯರುಗಳನ್ನೆಲ್ಲಾ ಸೇರಿಸಿ ಸಿದ್ಧ ಫ್ರೇಮ್ ತೆಗೆಯುವುದು. ನೇರವಾಗಿ ವಿಡಿಯೋ ಫೈಲಿಗೆ ರೆಂಡರ್ ಮಾಡಬೇಡಿ. ಪಿಎನ್‌ಜಿ ಚಿತ್ರಗಳ ಸಾಲಾಗಿ ತೆಗೆಯಿರಿ. ನಡುವೆ ಕರೆಂಟ್ ಹೋದರೆ ನಿಂತ ಫ್ರೇಮಿನಿಂದ ಮುಂದುವರಿಸಬಹುದು. ಏಪ್ರಿಲ್ ಮೇ ಬಿಸಿಲಿನಲ್ಲಿ ಲ್ಯಾಪ್‌ಟಾಪ್ ಬೇಗ ಕಾಯುತ್ತದೆ, ರೆಂಡರ್ ರಾತ್ರಿಗೆ ಇಡಿ, ನೀವು ಮಲಗಿ. ಆಮೇಲೆ 1920 ಗುಣಿಸು 1080, 24 ಫ್ರೇಮ್, ಎಂಪಿ4. ಪೆನ್‌ಡ್ರೈವಿನಲ್ಲಿ ಒಂದು, ಗೂಗಲ್ ಡ್ರೈವ್‌ನಲ್ಲಿ ಒಂದು, ಗೆಳತಿಯ ಲ್ಯಾಪ್‌ಟಾಪಿನಲ್ಲಿ ಒಂದು ಪ್ರತಿ.

ಸಬ್ಮಿಷನ್ ಆದ ಮರುವಾರಕ್ಕೆ ಏನೂ ಒಪ್ಪಿಕೊಳ್ಳಬೇಡಿ. ಅಷ್ಟು ದಿನ ಅವುಡುಗಚ್ಚಿ ತಡೆದುಕೊಂಡ ಮೈ ಆಗ ಕೈ ಬಿಡುತ್ತದೆ, ನೋವು ಜಾಸ್ತಿ ಆಗಬಹುದು. ಡಾಕ್ಟರ ಅಪಾಯಿಂಟ್‌ಮೆಂಟನ್ನು ಆ ವಾರಕ್ಕೇ ತೆಗೆದುಕೊಂಡಿಡಿ, ಪ್ರೀಮಿಯರ್ ಪಾರ್ಟಿಯನ್ನು ಅದರ ಮುಂದಿನ ವಾರಕ್ಕೆ.